ಹಿಂದಿನ ಚಕ್ರ ನೋಡಿ ಕೊಳ್ಳಿ: ದಾವಣಗೆರೆಯಲ್ಲಿ ಕಡಿಮೆ ದುಡ್ಡಿಗೆ ಫಿಕ್ಸಿ

ಫಿಕ್ಸಿ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ಕೂಡ ತಿರುಗುವ, ಗೇರಿಲ್ಲದ ಸೈಕಲ್ಲು) ಬೇಕು, ದುಡ್ಡು ಕಡಿಮೆ ಇದೆ, ಯಾವುದು ತಗೊಳ್ಳಲಿ ಅಂತ ಕೇಳುವವರು ಮೊದಲು ಕಳಿಸುವುದು ಫ್ರೇಮ್ ಫೋಟೋ. ಬಣ್ಣ ಚೆನ್ನಾಗಿದೆ, ರಿಮ್ ದಪ್ಪಗಿದೆ, ಹ್ಯಾಂಡಲ್ ಕೆಳಗೆ ಬಾಗಿದೆ. ನೋಡಲು ಖುಷಿಯಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಸೈಕಲ್ಲು ಅಗ್ಗವೋ ದುಬಾರಿಯೋ ಅನ್ನುವುದು ಆ ಫೋಟೋದಲ್ಲಿ ಕಾಣುವುದಿಲ್ಲ. ಅದು ತೀರ್ಮಾನವಾಗುವುದು ಹಿಂದಿನ ಚಕ್ರದ ನಡುವೆ, ಸ್ಪೋಕುಗಳೆಲ್ಲ ಬಂದು ಸೇರುವ ಹಬ್ಬಿನಲ್ಲಿ. ಹಬ್ಬು ಸರಿ ಇದ್ದರೆ ಬಣ್ಣ ಹೋದ ಫ್ರೇಮ್ ಕೂಡ ಲಾಭವೇ. ಹಬ್ಬು ಸರಿ ಇಲ್ಲದಿದ್ದರೆ ಅರ್ಧ ಬೆಲೆಗೆ ತಂದ ಸೈಕಲ್ಲಿಗೆ ಬೇರೆ ಚಕ್ರ ಕಟ್ಟಿಸಿ, ಕಾಗ್ (ಹಿಂದಿನ ಹಲ್ಲಿನ ಚಕ್ರ) ತರಿಸಿ, ಚೈನ್ ಬದಲಿಸಿ, ಕೊನೆಗೆ ಹೊಸದರ ಬೆಲೆಗೇ ಬಂದು ನಿಲ್ಲುತ್ತೀರಿ.

ದಾವಣಗೆರೆ, ಚಿತ್ರದುರ್ಗದ ಕಡೆ ಇರುವವರು ಏನೇನು ಕೊಳ್ಳಬಹುದು, ಯಾವುದು ಯಾರಿಗೆ ಸರಿ ಅಂತ ಹೋಲಿಸಿ ಹೇಳುತ್ತೇನೆ. ಬೆಂಗಳೂರಿನವರಿಗೆ ಬರೆದ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ರಸ್ತೆ ಬೇರೆ, ನಮ್ಮ ಗುಜರಿಯಲ್ಲಿ ಸಿಗುವ ಸಾಮಾನು ಬೇರೆ.

ಮೊದಲು ಹಬ್ಬಿನ ವಿಷಯ

ಮಾಮೂಲಿ ಸೈಕಲ್ಲಿನಲ್ಲಿ ಹಿಂದೆ ಫ್ರೀವೀಲ್ ಇರುತ್ತದೆ. ತುಳಿಯುವುದು ನಿಲ್ಲಿಸಿದರೂ ಟಿಕ್ ಟಿಕ್ ಅನ್ನುತ್ತ ಚಕ್ರ ಓಡುತ್ತಿರುತ್ತದೆ. ಫಿಕ್ಸಿಯಲ್ಲಿ ಅದಿಲ್ಲ. ಹಲ್ಲಿನ ಕಾಗ್ ನೇರವಾಗಿ ಹಬ್ಬಿಗೆ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲು ಸುಮ್ನೆ ಇಡಲು ಆಗುವುದಿಲ್ಲ. ಕಾಲಿನಿಂದ ಹಿಂದಕ್ಕೆ ತಡೆದರೆ ವೇಗ ಇಳಿಯುತ್ತದೆ.

ಇಲ್ಲಿಯೇ ಹಬ್ಬಿನ ಕಷ್ಟ ಇರುವುದು. ಮುಂದಕ್ಕೆ ತುಳಿದಾಗ ಕಾಗ್ ಇನ್ನಷ್ಟು ಬಿಗಿಯಾಗುತ್ತದೆ, ಹಿಂದಕ್ಕೆ ತಡೆದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಕಾಗ್ ಹೊರಗಡೆ ಒಂದು ಲಾಕ್‌ರಿಂಗ್ ಕೂರಿಸುತ್ತಾರೆ, ಅದರ ಥ್ರೆಡ್ ಉಲ್ಟಾ ಇರುತ್ತದೆ. ಕಾಗ್ ಬಿಚ್ಚಲು ಹೋದರೆ ಲಾಕ್‌ರಿಂಗ್ ಬಿಗಿಯಾಗುತ್ತದೆ. ಅಷ್ಟೇ ಸಂಗತಿ, ಆದರೆ ಪ್ರಾಣ ಉಳಿಸುವ ಸಂಗತಿ.

ಫೋಟೋದಲ್ಲಿ ಇದನ್ನು ಗುರುತಿಸುವುದು ಸುಲಭ. ನಿಜವಾದ ಫಿಕ್ಸ್ ಹಬ್ಬಿನಲ್ಲಿ ಥ್ರೆಡ್ ಎರಡು ಮೆಟ್ಟಿಲಾಗಿ ಕಾಣುತ್ತದೆ. ಒಳಗಡೆ ದೊಡ್ಡದು, 1.37 ಇಂಚು ಅಗಲ, ಇಂಚಿಗೆ 24 ಥ್ರೆಡ್. ಅದರ ಹೊರಗೆ ಸ್ವಲ್ಪ ಚಿಕ್ಕದು, ಉಲ್ಟಾ ಥ್ರೆಡ್. ಒಂದೇ ಮೆಟ್ಟಿಲು ಇದ್ದರೆ ಅದು ಫ್ರೀವೀಲ್ ಹಬ್. ಎರಡರ ದೊಡ್ಡ ಥ್ರೆಡ್ ಅಳತೆಯೂ ಒಂದೇ ಆಗಿರುವುದರಿಂದ ಫಿಕ್ಸ್ ಕಾಗ್ ಫ್ರೀವೀಲ್ ಹಬ್ಬಿಗೂ ಹತ್ತುತ್ತದೆ, ಇದೇ ಮೋಸ. ಹತ್ತುತ್ತದೆ, ಓಡುತ್ತದೆ, ನಾಲ್ಕು ದಿನ ಚೆನ್ನಾಗಿಯೇ ಇರುತ್ತದೆ, ಆಮೇಲೆ ಯಾವುದೋ ಸರ್ಕಲ್ಲಿನಲ್ಲಿ ಎದುರಿಗೆ ಆಟೋ ಬಂದಾಗ ಕಾಲಿನಿಂದ ತಡೆದರೆ ಕಾಗ್ ಬಿಚ್ಚಿಕೊಂಡು ಕಾಲು ಗಾಳಿಯಲ್ಲಿ ತಿರುಗುತ್ತದೆ.

ಇನ್ನೊಂದು ದಾರಿ ಕೆಲವರು ಹಿಡಿಯುತ್ತಾರೆ. ಹಳೇ ಫ್ರೀವೀಲನ್ನೇ ವೆಲ್ಡಿಂಗ್ ಹೊಡೆಸಿ ಫಿಕ್ಸ್ ಮಾಡಿಸುವುದು. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಖರ್ಚೂ ಇಲ್ಲ. ಆದರೆ ಲಾಕ್‌ರಿಂಗ್ ಇಲ್ಲದ ತೊಂದರೆ ಅಲ್ಲೂ ಹಾಗೇ ಉಳಿಯುತ್ತದೆ. ಇದನ್ನು ಬೇಡ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ. ಮುಂದಿನ ಬ್ರೇಕ್ ಇದೆ ಅಂದರೂ ಬೇಡ.

ಫ್ಲಿಪ್ ಫ್ಲಾಪ್ ಹಬ್ ಅಂತ ಇನ್ನೊಂದಿದೆ. ಒಂದು ಕಡೆ ಫಿಕ್ಸ್, ಇನ್ನೊಂದು ಕಡೆ ಫ್ರೀವೀಲ್. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಸೈಕಲ್ಲಿನ ಸ್ವಭಾವವೇ ಬದಲಾಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಈಗ ಏನೇನು ಸಿಗುತ್ತದೆ ನೋಡೋಣ.

ಗುಜರಿಯ ಕರಿ ಸೈಕಲ್ಲು

ನಮ್ಮೂರಲ್ಲಿ ಅತಿ ಸುಲಭವಾಗಿ ಸಿಗುವುದು ಇದೇ. ಹೀರೋ, ಅಟ್ಲಾಸ್, ಹರ್ಕ್ಯುಲಿಸ್, ಏವನ್. ಮಂಡಿಪೇಟೆಯಲ್ಲಿ ಮೂಟೆ ಹೊತ್ತದ್ದು, ಹಾಲಿನ ಕ್ಯಾನ್ ನೇತಾಡಿಸಿಕೊಂಡು ಓಡಾಡಿದ್ದು, ಮಿಲ್ಲಿನ ಪಾಳಿಗೆ ಹೋಗಿ ಬಂದದ್ದು. ಹತ್ತಿ ಗಿರಣಿಗಳ ಕಾಲದಲ್ಲಿ ಊರಿಗೆ ಮ್ಯಾಂಚೆಸ್ಟರ್ ಅನ್ನುವ ಹೆಸರೇ ಇತ್ತಲ್ಲ, ಆ ಕಾಲದ ಸೈಕಲ್ಲುಗಳು ಇವತ್ತಿಗೂ ಹಿತ್ತಿಲಲ್ಲಿ, ಗೋಡೌನಿನಲ್ಲಿ ಒರಗಿಕೊಂಡಿವೆ. ಗುಜರಿಯಲ್ಲಿ ಕೆಜಿ ಲೆಕ್ಕಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು, ಅದೂ ವಿಶ್ವ ಸೈಕಲ್ ದಿನದಂದೇ. ಹಾಗಂತ ಅಟ್ಲಾಸ್ ಕೊಳ್ಳಲು ಹೆದರಬೇಡಿ. ಕರಿ ಸೈಕಲ್ಲಿನ ಬಹಳಷ್ಟು ಸಾಮಾನು ಒಂದು ಕಂಪನಿಯದು ಇನ್ನೊಂದಕ್ಕೆ ಕೂರುತ್ತದೆ. ಬಾಲ್ಸ್, ಕಪ್ಪು, ಕೋನ್, ಕಾಟರ್ ಪಿನ್ನು ಯಾವ ಸಣ್ಣ ಅಂಗಡಿಯಲ್ಲೂ ಸಿಗುತ್ತವೆ.

ಇದರಲ್ಲಿ ಒಳ್ಳೆಯದು ಏನು? ಹಿಂದಿನ ಆಕ್ಸಲ್ ಕೂರುವ ಜಾಗ ಅಡ್ಡ ಸೀಳಿನದ್ದು. ಚಕ್ರ ಹಿಂದೆ ಮುಂದೆ ಎಳೆದು ಚೈನ್ ಬಿಗಿ ಮಾಡಬಹುದು. ಫಿಕ್ಸಿಗೆ ಇದು ಬೇಕೇ ಬೇಕು. ಚೈನ್ ಕೂಡ 1/8 ಇಂಚಿನದ್ದು, ಅಗ್ಗ, ಗಟ್ಟಿ, ಎಲ್ಲ ಕಡೆ ಸಿಗುವಂಥದ್ದು.

ಕೆಟ್ಟದ್ದು ಹಬ್ಬಿನಲ್ಲೇ ಇದೆ. ಕರಿ ಸೈಕಲ್ಲಿನ ಹಬ್ ಫ್ರೀವೀಲಿನದ್ದು, ಒಂದೇ ಮೆಟ್ಟಿಲು. ಸರಿ, ಫಿಕ್ಸ್ ಹಬ್ ತರಿಸಿ ಅದೇ ರಿಮ್ಮಿಗೆ ಕಟ್ಟಿಸುತ್ತೇನೆ ಅಂದರೆ ರಿಮ್ಮಿನಲ್ಲಿ ತೂತು ಎಣಿಸಿ ನೋಡಿ. ಹಿಂದಿನದಕ್ಕೆ 40, ಮುಂದಿನದಕ್ಕೆ 32. ಮಾರುಕಟ್ಟೆಯ ಫಿಕ್ಸ್ ಹಬ್ ಸಾಮಾನ್ಯವಾಗಿ 32 ಅಥವಾ 36 ತೂತಿನದ್ದು. ಹಿಂದಿನ ರಿಮ್ ಉಪಯೋಗಕ್ಕೆ ಬರುವುದಿಲ್ಲ. ಇದಕ್ಕೆ ಒಂದು ದಾರಿ ಇದೆ: ಮುಂದಿನ ರಿಮ್ ಇನ್ನೊಂದು ತಂದು 32 ತೂತಿನ ಹಬ್ಬಿಗೆ ಕಟ್ಟಿಸುವುದು. ಸ್ಪೋಕ್ ಉದ್ದ ಹೊಸದಾಗಿ ಅಳೆಯಬೇಕು, ಹಿಂದಿನ ಚಕ್ರ ಕೂರುವ ಫೋರ್ಕಿನ ಅಗಲವೂ ಅಳೆಯಬೇಕು. ಚಕ್ರ ಕಟ್ಟುವ ಕೈ ಚೆನ್ನಾಗಿರುವ ಹಳೇ ಮೆಕ್ಯಾನಿಕ್ ಬೇಕು. ಅಂಥವರು ಹಳೇ ಪೇಟೆ ಕಡೆ ಇನ್ನೂ ಇದ್ದಾರೆ. ಅವರ ಹತ್ತಿರ ಆತುರ ಮಾಡಬೇಡಿ, ಕೂಲಿಗೆ ಚೌಕಾಸಿಯೂ ಮಾಡಬೇಡಿ. ಗುಜರಿಯಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಕೊಡುವುದೇ ನ್ಯಾಯ.

ಇನ್ನೂ ಎರಡು ವಿಷಯ. ದೊಡ್ಡ ಕರಿ ಸೈಕಲ್ಲಿನ ಟೈರು 28 ಇಂಟು ಒಂದೂವರೆ, ರಿಮ್ಮಿನ ಅಳತೆ 635 ಮಿ.ಮೀ. ಫಿಕ್ಸಿಗಳದ್ದು 700ಸಿ, ಅಂದರೆ 622. ಒಂದರ ಟೈರ್ ಇನ್ನೊಂದಕ್ಕೆ ಬರುವುದಿಲ್ಲ. ಸಣ್ಣ ತೆಳು ಟೈರ್ ಹಾಕುತ್ತೇನೆ ಅನ್ನುವ ಆಸೆ ಬಿಡಿ. ತೂಕವೂ 20 ಕೆಜಿ ಆಸುಪಾಸು, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್, ಮಡ್‌ಗಾರ್ಡ್ ಬಿಚ್ಚಿದರೆ ಒಂದಷ್ಟು ಇಳಿಯುತ್ತದೆ. ಕಾಟರ್ ಪಿನ್ ಹೊಡೆದ ಕ್ರ್ಯಾಂಕ್ (ಪೆಡಲಿನ ತೋಳು) ಸೈಕಲ್ಲನ್ನು ಫಿಕ್ಸ್ ಮಾಡಿದ ಮೇಲೆ ಬೇಗ ಅಲ್ಲಾಡತೊಡಗುತ್ತದೆ, ಯಾಕೆಂದರೆ ಅದರ ಮೇಲೆ ಈಗ ಎರಡೂ ಕಡೆಯಿಂದ ಒತ್ತಡ.

ಅದಕ್ಕೇ ನನ್ನ ಅಭಿಪ್ರಾಯ: ಕರಿ ಸೈಕಲ್ಲನ್ನು ಫಿಕ್ಸ್ ಮಾಡಲು ಹೋಗಬೇಡಿ, ಒಳ್ಳೆಯ ಸಿಂಗಲ್ ಸ್ಪೀಡ್, ಅಂದರೆ ಫ್ರೀವೀಲ್ ಇರುವ ಒಂದೇ ಗೇರಿನ ಸೈಕಲ್ಲು ಮಾಡಿ. ಮೈ ಹಗುರ ಮಾಡಿ, ಬೇರಿಂಗ್ ಎಲ್ಲ ಬಿಚ್ಚಿ ಗ್ರೀಸ್ ಹಾಕಿಸಿ, ಹ್ಯಾಂಡಲ್ ಬದಲಿಸಿ, 18 ಹಲ್ಲಿನ ಫ್ರೀವೀಲ್ ಹಾಗೇ ಇರಲಿ. ಹದಡಿ ರಸ್ತೆಯಲ್ಲಿ ಬೆಳಿಗ್ಗೆ ಹೋಗಿ ಬರಲು ಬಹಳ ಸುಖದ ಸೈಕಲ್ಲು. ಬಿಎಸ್‌ಎ ಎಸ್‌ಎಲ್‌ಆರ್ ಥರದ ಹಗುರ ಫ್ರೇಮ್ ಸಿಕ್ಕರೆ ಇನ್ನೂ ಚೆಂದ.

ಇಲ್ಲೊಂದು ಮಾತು. ಹಳೇ ಮಾರುಕಟ್ಟೆಯಲ್ಲಿ ಸರ್ಕಾರ ಕೊಟ್ಟ ಶಾಲಾ ಸೈಕಲ್ಲುಗಳೂ ಬರುತ್ತವೆ. 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಮಗು ಓದು ಮುಗಿಸಿ, ಮನೆಯವರು ಮಾರುತ್ತಿದ್ದರೆ ಅದು ಅವರ ಇಷ್ಟ. ಆದರೆ ಇನ್ನೂ ಶಾಲೆಗೆ ಹೋಗುತ್ತಿರುವ ಮಗುವಿನ ಸೈಕಲ್ಲನ್ನು ನಾಲ್ಕು ಕಾಸು ಕೊಟ್ಟು ತರಬೇಡಿ. ಆ ಮಗು ನಾಳೆಯಿಂದ ನಡೆದುಕೊಂಡು ಹೋಗಬೇಕು.

ಗೇರ್ ಸೈಕಲ್ಲನ್ನು ಬದಲಿಸುವುದು

ಹಾಸ್ಟೆಲ್ ಹುಡುಗರು ಬಿಟ್ಟುಹೋಗುವ ಗೇರ್ ಸೈಕಲ್ಲುಗಳು ನಮ್ಮೂರಲ್ಲಿ ಕಡಿಮೆಯೇನಿಲ್ಲ. ಬಿಐಇಟಿ, ಯುಬಿಡಿಟಿ, ಜೆಜೆಎಂ ಮೆಡಿಕಲ್ ಕಾಲೇಜು, ಇಷ್ಟು ಕಾಲೇಜು ಇರುವ ಊರು. ಪರೀಕ್ಷೆ ಮುಗಿದು ರೂಮ್ ಖಾಲಿ ಮಾಡುವ ದಿನಗಳಲ್ಲಿ ಮಾರುವವರಿಗೆ ಅವಸರ, ಕೊಳ್ಳುವವರಿಗೆ ಅನುಕೂಲ. ಕೆಲವೊಮ್ಮೆ ಎರಡೂ ಟೈರಿಗೆ ಗಾಳಿ ಇಲ್ಲ, ಗೇರ್ ಕೆಲಸ ಮಾಡುವುದಿಲ್ಲ ಅನ್ನುವ ಕಾರಣಕ್ಕೇ ಬೆಲೆ ನೆಲ ಕಚ್ಚಿರುತ್ತದೆ. ನಿಮಗೆ ಗೇರೇ ಬೇಡ, ಅಲ್ವಾ?

ಆದರೆ ಹಿಂದಿನ ಚಕ್ರದ ಹತ್ತಿರ ಕೂತು ಆಕ್ಸಲ್ ಕೂರುವ ಸೀಳು ನೋಡಿ. ಅಡ್ಡ ಇದ್ದರೆ ಮುಂದಿನ ಮಾತು. ನೇರ ಕೆಳಗೆ ತೆರೆದಿದ್ದರೆ ಫಿಕ್ಸ್ ಆಗುವುದಿಲ್ಲ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಹಾಕಿದರಾಯಿತು ಅನ್ನುತ್ತಾರೆ. ಫ್ರೀವೀಲಿಗೆ ಆಗುತ್ತದೆ. ಫಿಕ್ಸಿಯಲ್ಲಿ ಹಿಂದಕ್ಕೆ ತಡೆದಾಗ ಚೈನಿನ ಕೆಳಗಿನ ಭಾಗಕ್ಕೆ ಎಳೆತ ಬಂದು ಟೆನ್ಷನರನ್ನು ಮುರಿಯುತ್ತದೆ, ಇಲ್ಲವೇ ಚೈನ್ ಬೀಳುತ್ತದೆ. ಈಗಿನ ಬಹುಪಾಲು ಗೇರ್ ಸೈಕಲ್ಲುಗಳದ್ದು ಕೆಳಗೆ ತೆರೆದ ಸೀಳೇ.

ಹಿಂದಿನ ಹಬ್ ಕೂರುವ ಜಾಗದ ಅಗಲವೂ ನೋಡಬೇಕು. ಫಿಕ್ಸ್ ಹಬ್ 120 ಮಿ.ಮೀ. ಹಳೇ ರೇಸಿಂಗ್ ಸೈಕಲ್ 126, ಆಮೇಲಿನವು 130, ಗುಡ್ಡಗಾಡಿನ ಎಂಟಿಬಿ 135. ಉಕ್ಕಿನ ಫ್ರೇಮ್ ಆದರೆ ವಾಷರ್ ಹಾಕಿ ಹೊಂದಿಸಬಹುದು. ಅಲ್ಯೂಮಿನಿಯಂ ಫ್ರೇಮನ್ನು ಎಳೆದು ಬಗ್ಗಿಸುವ ಸಾಹಸ ಬೇಡ, ಬಿರುಕು ಬಿಡುತ್ತದೆ. ಮ್ಯಾಗ್ನೆಟ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಟಿಕೊಂಡರೆ ಉಕ್ಕು.

ಅಡ್ಡ ಸೀಳಿನ ಉಕ್ಕಿನ ಹಳೇ ರೇಸಿಂಗ್ ಸೈಕಲ್ಲು ಸಿಕ್ಕರೆ ಈ ಪಟ್ಟಿಯಲ್ಲೆಲ್ಲ ಅದೇ ಚಿನ್ನ. ಸಿಗುವುದು ಅಪರೂಪ. ಯಾರದೋ ಮನೆಯ ಮಹಡಿ ಮೇಲೆ, ಮಳೆಗೆ ನೆನೆಯುತ್ತ ನಿಂತಿರುತ್ತದೆ. ಗೇಟು ತಟ್ಟಿ ಕೇಳುವುದಕ್ಕೆ ಸಂಕೋಚ ಬೇಡ. ವಿದ್ಯಾನಗರ, ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್ ಕಡೆಯ ಹಳೇ ಮನೆಗಳಲ್ಲಿ "ಇದು ನಿಮ್ಮದಾ ಅಂಕಲ್, ಕೊಡ್ತೀರಾ?" ಅಂತ ಕೇಳಿದರೆ ಬೈಯುವವರು ಕಡಿಮೆ. ಬಹಳ ಜನ ಒಳಗೆ ಕರೆದು ಆ ಸೈಕಲ್ಲಿನ ಕಥೆ ಹೇಳುತ್ತಾರೆ. ಈ ಹವ್ಯಾಸದ ಅರ್ಧ ಸುಖ ಅದರಲ್ಲೇ ಇದೆ.

ಬಳಸಿದ ರೆಡಿ ಫಿಕ್ಸಿ

ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ನಾನು ಹೇಳುವುದು ಇದನ್ನೇ. ಬೆಂಗಳೂರಿನಲ್ಲಿ ಉತ್ಸಾಹದಿಂದ ಕೊಂಡು, ಟ್ರಾಫಿಕ್ಕಿಗೆ ಹೆದರಿ ಬಾಲ್ಕನಿಯಲ್ಲಿ ನಿಲ್ಲಿಸಿದವರು ಬಹಳ. ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ನೋಡುತ್ತಿದ್ದರೆ ಬರುತ್ತಲೇ ಇರುತ್ತವೆ. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಬಿಡಿ ಸಾಮಾನು ಹುಡುಕುವವರೂ ಇದ್ದಾರೆ. ಅಲ್ಲಿ ಪೂರ್ತಿ ಸೈಕಲ್ ಕೊಳ್ಳಬೇಡಿ, ಬಿಲ್ ಇರುವುದಿಲ್ಲ.

ಬಸ್ ಹತ್ತುವ ಮುಂಚೆ ಮಾರುವವರ ಹತ್ತಿರ ಮೂರು ಫೋಟೋ ಕೇಳಿ. ಹಬ್ಬಿನ ಎಡಗಡೆ, ಹಬ್ಬಿನ ಬಲಗಡೆ, ಪೆಡಲ್ ಕೆಳಗಿನ ಫ್ರೇಮ್ ನಂಬರ್. ಫಿಕ್ಸಿ ಅಂತ ಹೆಸರಿಟ್ಟು ಬರೀ ಫ್ರೀವೀಲ್ ಹಬ್ ಇರುವ ಸಿಂಗಲ್ ಸ್ಪೀಡ್ ಮಾರುವವರು ಬೇಕಾದಷ್ಟು ಜನ. ಅವರಲ್ಲಿ ಹಲವರಿಗೆ ತಾವು ಮಾರುತ್ತಿರುವುದು ಏನು ಅಂತ ನಿಜವಾಗಿಯೂ ಗೊತ್ತಿರುವುದಿಲ್ಲ, ಅದಕ್ಕೆ ಜಗಳ ಬೇಡ. ಫ್ಲಿಪ್ ಫ್ಲಾಪ್ ಹಬ್ ಇದ್ದೂ ಫಿಕ್ಸ್ ಕಡೆ ಕಾಗ್, ಲಾಕ್‌ರಿಂಗ್ ಇಲ್ಲದಿದ್ದರೆ ಅದರ ಬೆಲೆ ಕಳೆದು ಕೇಳಿ.

ಎದುರಿಗೆ ನಿಂತಾಗ ಮಾಡಬೇಕಾದ ಪರೀಕ್ಷೆ ಒಂದೇ ಒಂದು, ಆದರೆ ಅದನ್ನು ಬಿಡಬೇಡಿ. ಹಿಂದಿನ ಚಕ್ರವನ್ನು ಗಟ್ಟಿಯಾಗಿ ಹಿಡಿದು ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಒತ್ತಿ. ಸ್ವಲ್ಪ ಚೈನ್ ಸಡಿಲದ ಆಟ ಇರುತ್ತದೆ, ಅದು ಪರವಾಗಿಲ್ಲ. ಆದರೆ ಚೈನ್ ಬಿಗಿ ಇದ್ದೂ ಕಟ್ ಕಟ್ ಅಂದರೆ ಕಾಗ್ ಥ್ರೆಡ್ ಮೇಲೆ ಜಾರುತ್ತಿದೆ. ಕಾಗ್ ಬಿಚ್ಚಿಸಿ ನೋಡಿ. ಥ್ರೆಡ್ ಚೂಪು ಹೋಗಿ ನುಣ್ಣಗಾಗಿದ್ದರೆ, ಬೆಳ್ಳಿ ಬಣ್ಣದ ಚೂರು ಕಂಡರೆ ಆ ಹಬ್ ಮುಗಿದ ಹಾಗೆ. ಕಡಿಮೆ ಬೆಲೆಯ ಫಿಕ್ಸಿಗಳಲ್ಲಿ ಇದು ಮಾಮೂಲು, ಲಾಕ್‌ರಿಂಗ್ ಬಿಗಿ ಮಾಡದೆ, ಕಾಲಿನಿಂದ ಚಕ್ರ ತಡೆದು ಸ್ಕಿಡ್ ಹೊಡೆದವರ ಕೆಲಸ. ಹಬ್ ಹೋಗಿದ್ದರೆ ಸೈಕಲ್ಲೇ ಬೇಡ ಅಂತಲ್ಲ, ಚಕ್ರದ ಬೆಲೆ ಪೂರ್ತಿ ಕಳೆಯಿರಿ.

ಬೆಲೆ ಮಾತಾಡುವಾಗ ಒಂದು ಲೆಕ್ಕ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 20,000 ಇದ್ದ ಸೈಕಲ್ಲು ಆಗ 22,400 ಆಗುತ್ತಿತ್ತು, ಈಗ 21,000. ಹಳೇ ಬಿಲ್ ತೋರಿಸಿ "ಇಷ್ಟಕ್ಕೆ ತಂದಿದ್ದೆ" ಅಂದರೆ ಹೊಸದರ ಇವತ್ತಿನ ಬೆಲೆಯಿಂದ ಲೆಕ್ಕ ಶುರು ಮಾಡಿ. ಹಬ್ ಚೆನ್ನಾಗಿದ್ದರೆ ನಾನು ಹೊಸದರ ಅರ್ಧದವರೆಗೆ ಹೋಗುತ್ತೇನೆ, ಅದಕ್ಕಿಂತ ಮೇಲೆ ಇಲ್ಲ. ಬಿಲ್ ಇಲ್ಲ, ಫ್ರೇಮ್ ನಂಬರ್ ಉಜ್ಜಿ ಅಳಿಸಿದೆ ಅಂದರೆ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಅದು ಯಾರದೋ ಕಳೆದುಹೋದ ಸೈಕಲ್ಲು.

ಟ್ರ್ಯಾಕ್ ಸೈಕಲ್ಲಿನ ಆಸೆ

ಫಿಕ್ಸಿಗಳು ಮೂಲದಲ್ಲಿ ವೆಲೋಡ್ರೋಮಿನ, ಅಂದರೆ ಸೈಕಲ್ ರೇಸಿನ ಟ್ರ್ಯಾಕಿನ ಸೈಕಲ್ಲುಗಳು. ಅಲ್ಲಿಂದ ನ್ಯೂಯಾರ್ಕಿನ ಕೊರಿಯರ್ ಹುಡುಗರ ಕೈಗೆ ಬಂದವು, ಯಾಕೆಂದರೆ ಕೆಡುವ ಸಾಮಾನು ಕಡಿಮೆ, ರಿಪೇರಿ ಕಡಿಮೆ. ಹಾಗೆ ಪತ್ರ ಹಂಚುತ್ತಿದ್ದ ನೆಲ್ಸನ್ ವೇಲ್ಸ್ 1984ರ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್ ಬೆಳ್ಳಿ ಗೆದ್ದರು. ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ಅನ್ನುವ ಟ್ರ್ಯಾಕ್ ರೇಸಿನಲ್ಲಿ ಎನ್‌ಜೆಎಸ್ ಅನ್ನುವ ಒಪ್ಪಿಗೆಯ ಮುದ್ರೆ ಇರುವ ಸಾಮಾನು ಮಾತ್ರ ನಡೆಯುತ್ತದೆ, ಆ ರೇಸುಗಾರರು ಬಿಟ್ಟ ಉಕ್ಕಿನ ಫ್ರೇಮುಗಳನ್ನು ಬೇರೆ ದೇಶದವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಂದರೆ ಈ ಹವ್ಯಾಸ ಮೊದಲಿನಿಂದಲೂ ಹಳೇ ಸಾಮಾನಿನ ಮೇಲೆಯೇ ನಿಂತದ್ದು.

ನಮ್ಮಲ್ಲಿ ಆ ಥರದ ಮೂಲ ಅಂದರೆ ವಿಜಯಪುರ, ಬಾಗಲಕೋಟೆ ಕಡೆ. ಅಲ್ಲಿಯ ರೇಸ್ ಹುಡುಗ ಹುಡುಗಿಯರು ರಾಜ್ಯಕ್ಕೆ ಪದಕ ತರುವವರು. ಅವರು ಹೊಸದಕ್ಕೆ ಹೋದಾಗ ಹಳೆಯದು ಮಾರಾಟಕ್ಕೆ ಬರುವುದುಂಟು. ಹಬ್ಬಿನ ಮಟ್ಟಿಗೆ ಇದಕ್ಕಿಂತ ಶುದ್ಧ ಸಾಮಾನು ಇಲ್ಲ. ಆದರೂ ಊರೊಳಗೆ ಓಡಿಸಲು ಕೊಳ್ಳುವುದಾದರೆ ಎರಡು ವಿಷಯ ನೋಡಿ. ಮುಂದಿನ ಫೋರ್ಕಿನಲ್ಲಿ ಬ್ರೇಕ್ ತೂತು ಇದೆಯಾ? ಹಲವಕ್ಕೆ ಇರುವುದಿಲ್ಲ. ಟೈರು ರಿಮ್ಮಿಗೆ ಅಂಟಿಸುವ ಟ್ಯೂಬುಲರ್ ಆ? ಆಗಿದ್ದರೆ ಪಂಕ್ಚರ್ ಹಾಕುವವರು ಇಲ್ಲಿ ಸಿಗುವುದು ಕಷ್ಟ. ಬಳ್ಳಾರಿ ಜಾಲಿ ಮುಳ್ಳು ಇರುವ ಸೀಮೆಯಲ್ಲಿ ಅದು ತಿಂಗಳೂ ಬಾಳುವುದಿಲ್ಲ. ಬ್ರೇಕ್ ತೂತಿದ್ದು, ಮಾಮೂಲಿ ಟೈರ್ ಹಿಡಿಯುವ ರಿಮ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಇನ್ನು ಆನ್‌ಲೈನಿನ ಹೊಸ ಅಗ್ಗದ ಫಿಕ್ಸಿ. ಬಣ್ಣ ಬಣ್ಣದ ಡೀಪ್ ರಿಮ್, ಹೆಸರು ಕೇಳದ ಕಂಪನಿ. ಹೊಸದು ಅನ್ನುವ ಸಮಾಧಾನ ಬಿಟ್ಟರೆ ಬಳಸಿದ ಒಳ್ಳೆಯದರ ಮುಂದೆ ನಿಲ್ಲುವುದಿಲ್ಲ. ಕೊಳ್ಳಲೇಬೇಕೆಂದರೆ ವಿವರದಲ್ಲಿ ಫ್ಲಿಪ್ ಫ್ಲಾಪ್ ಹಬ್, ಫಿಕ್ಸ್ ಕಾಗ್, ಲಾಕ್‌ರಿಂಗ್ ಮೂರೂ ಬರೆದಿದೆಯಾ ನೋಡಿ.

ಫಿಕ್ಸೋ ಫ್ರೀಯೋ, ಹಲ್ಲು ಎಷ್ಟು

ಇಲ್ಲಿ ದಾವಣಗೆರೆಯವರಿಗೆ ಒಂದು ಉತ್ತರ, ದುರ್ಗದವರಿಗೆ ಇನ್ನೊಂದು.

ದಾವಣಗೆರೆ ಹೆಚ್ಚುಕಡಿಮೆ ಸಮತಟ್ಟು. ಕುಂದುವಾಡ ಕೆರೆ, ಗಾಜಿನ ಮನೆ ಸುತ್ತಿ ಬರಲು, ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ ಹೋಗಿ ತುಂಗಭದ್ರೆ ನೋಡಿ ವಾಪಸ್ ಬರಲು ಫಿಕ್ಸಿಯಷ್ಟು ಹಿತವಾದದ್ದು ಬೇರೆ ಇಲ್ಲ. ಕಾಲಿಗೂ ರಸ್ತೆಗೂ ನಡುವೆ ಏನೂ ಇಲ್ಲ ಅನಿಸುತ್ತದೆ. ಕಷ್ಟ ಕೊಡುವುದು ಹಂಪುಗಳು. ಹಂಪ್ ಬಂದಾಗ ಪೆಡಲ್ ನಿಲ್ಲಿಸಿ ಎದ್ದು ನಿಲ್ಲುವ ಅಭ್ಯಾಸ ನಮಗೆಲ್ಲ ಇದೆ, ಫಿಕ್ಸಿಯಲ್ಲಿ ಅದು ನಡೆಯುವುದಿಲ್ಲ. ತುಳಿಯುತ್ತಲೇ ಹತ್ತಬೇಕು, ತುಳಿಯುತ್ತಲೇ ಇಳಿಯಬೇಕು. ಅಶೋಕ ಟಾಕೀಸ್ ಹತ್ತಿರದ ಗಲಾಟೆ, ಮಂಡಿಪೇಟೆಯ ಕೈಗಾಡಿ, ಇವುಗಳ ನಡುವೆ ಮೊದಲ ತಿಂಗಳು ಫ್ರೀವೀಲ್ ಕಡೆಯೇ ಹಾಕಿ ಓಡಿಸಿ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಫಿಕ್ಸ್ ಕಲಿಯಿರಿ. ಫ್ಲಿಪ್ ಫ್ಲಾಪ್ ಹಬ್ಬಿಗೆ ಅಷ್ಟು ಬೆಲೆ ಕೊಡಿ ಅಂತ ಹೇಳಿದ್ದು ಇದಕ್ಕೇ.

ಚಿತ್ರದುರ್ಗ ಬೇರೆಯೇ ಊರು. ಕೋಟೆ ಕಡೆ ಏರು, ಜೋಗಿಮಟ್ಟಿ ಕಡೆ ಏರು, ಹತ್ತಿದ್ದೆಲ್ಲ ಇಳಿಯಲೇಬೇಕು. ಇಳಿಜಾರಿನಲ್ಲಿ ಫಿಕ್ಸಿಯ ಪೆಡಲ್ ನಿಮ್ಮ ಕಾಲನ್ನೇ ತಿರುಗಿಸುತ್ತದೆ. 46ಕ್ಕೆ 18 ಹಲ್ಲು (ಮುಂದಿನ ಚೈನ್ ವೀಲಿಗೆ 46, ಹಿಂದಿನ ಕಾಗಿಗೆ 18) ಇದ್ದರೆ 40 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 124 ಸುತ್ತು. ಅಭ್ಯಾಸ ಇಲ್ಲದವರಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ. ದುರ್ಗದವರು ಫ್ರೀವೀಲ್, ಎರಡು ಬ್ರೇಕ್ ಇಟ್ಟುಕೊಳ್ಳಿ, ಹಲ್ಲು 42ಕ್ಕೆ 18 ಆದರೆ ಸಾಕು.

ದಾವಣಗೆರೆಗೆ ನನ್ನ ಆಯ್ಕೆ 46ಕ್ಕೆ 18. ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರ್ ಮುಂದೆ, ನಿಮಿಷಕ್ಕೆ 80 ಸುತ್ತಿಗೆ ಗಂಟೆಗೆ 26 ಕಿ.ಮೀ. ಹತ್ತಿರ. ರೆಡಿ ಫಿಕ್ಸಿಗಳಲ್ಲಿ 46ಕ್ಕೆ 16 ಬರುವುದೂ ಉಂಟು, ಅದೇ ತುಳಿತಕ್ಕೆ 29. ಕೇಳಲು ಚೆಂದ, ಆದರೆ ಆಷಾಢದ ಗಾಳಿಯಲ್ಲಿ ಆನಗೋಡು ದಾಟಿ ಹೋಗಿ ಪಡುವಣ ಗಾಳಿಗೆ ಎದುರಾಗಿ ಮನೆಗೆ ಬರುವಾಗ ಮಂಡಿಗೆ ಗೊತ್ತಾಗುತ್ತದೆ. ದುರ್ಗದ ಗುಡ್ಡದ ಮೇಲೆ ಗಾಳಿ ಯಂತ್ರ ಸುಮ್ನೆ ನೆಟ್ಟಿಲ್ಲ.

ಹಲ್ಲಿನ ಲೆಕ್ಕದಲ್ಲಿ ಟೈರಿನ ಖರ್ಚೂ ಅಡಗಿದೆ. ಕಾಲಿನಿಂದ ಚಕ್ರ ಕಟ್ಟಿ ಜಾರಿಸುವ ಸ್ಕಿಡ್ ಮಾಡುವವರು ಇದನ್ನು ನೋಡಲೇಬೇಕು. 48ಕ್ಕೆ 16 ಇಟ್ಟರೆ ಸರಿಯಾಗಿ ಮೂರು ಪಟ್ಟು, ಕಾಲು ಒಂದೇ ಸ್ಥಾನದಲ್ಲಿ ನಿಂತಾಗಲೆಲ್ಲ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. ಟೈರ್ ಅಲ್ಲಿಗೇ ಹರಿಯುತ್ತದೆ. 48ಕ್ಕೆ 18 ಆದರೆ ಮೂರು ಜಾಗ. 46ಕ್ಕೆ 18 ಆದರೆ ಒಂಬತ್ತು ಜಾಗಕ್ಕೆ ಸವೆತ ಹಂಚಿಹೋಗುತ್ತದೆ. 47ಕ್ಕೆ 17 ಆದರೆ ಹದಿನೇಳು. ಕಾಸು ಉಳಿಸುವವರಿಗೆ ಇದು ಬಿಟ್ಟಿ ಉಳಿತಾಯ.

ಟೈರು 28 ಅಥವಾ 32 ಮಿ.ಮೀ. ಹಿಡಿಸುವ ಫ್ರೇಮ್ ನೋಡಿ. 23ರ ತೆಳು ಟೈರು ನಮ್ಮ ಮುಳ್ಳಿಗೆ, ಕಿತ್ತುಹೋದ ಡಾಂಬರಿಗೆ ಹೇಳಿದ್ದಲ್ಲ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ಮೆಕ್ಕೆಜೋಳ ಹರಡಿರುತ್ತಾರೆ, ಅಲ್ಲಿ ಇಳಿದು ನಡೆಯಿರಿ. ಕಾಳಿನ ಮೇಲೆ ಸ್ಕಿಡ್ ಅಂದರೆ ನೇರ ನೆಲಕ್ಕೆ, ರೈತರ ಕಾಳೂ ಹಾಳು.

ಮುಂದಿನ ಬ್ರೇಕ್ ಬೇಡ ಅನ್ನುವವರು ಇದ್ದಾರೆ, ನೋಡಲು ಸೊಗಸು ಅಂತ. ಬ್ರಿಟನ್ನಿನ ಕಾನೂನಿನಲ್ಲೂ ಫಿಕ್ಸ್ ಚಕ್ರವನ್ನು ಹಿಂದಿನ ಬ್ರೇಕ್ ಅಂತ ಮಾತ್ರ ಒಪ್ಪುತ್ತಾರೆ, ಮುಂದೆ ಒಂದು ಇರಲೇಬೇಕು. ದನ, ನಾಯಿ, ಶಾಲೆ ಬಿಟ್ಟ ಮಕ್ಕಳು ಅಡ್ಡ ಬರುವ ಊರಲ್ಲಿ ನಮಗೂ ಅದೇ ಸರಿ. ಒಳ್ಳೆಯ ಬ್ರೇಕ್ ಶೂ ಹೊಸದೇ ತಗೊಳ್ಳಿ. ಚೈನು, ಲಾಕ್‌ರಿಂಗ್, ಕಾಲು ಹಿಡಿಯುವ ಪಟ್ಟಿ ಇವೂ ಹೊಸದೇ ಇರಲಿ. ಸೀಟು, ಹ್ಯಾಂಡಲ್, ಸೀಟ್ ಪೋಸ್ಟ್, ಪೆಡಲ್ ಹಳೆಯದು ನಡೆಯುತ್ತದೆ. ಗೆಳೆಯರ ನಡುವೆ ಅದಲು ಬದಲು ಮಾಡಿಕೊಳ್ಳಿ. ಭಾನುವಾರ ರೈಡ್ ಮುಗಿಸಿ ಬೆಣ್ಣೆ ದೋಸೆ ತಿನ್ನುವಾಗ ನಿನ್ನ ಹ್ಯಾಂಡಲ್ ನನಗೆ, ನನ್ನ ಸೀಟು ನಿನಗೆ ಅಂತ ಆಗುವ ವ್ಯಾಪಾರಕ್ಕಿಂತ ಅಗ್ಗ ಯಾವ ಮಾರ್ಕೆಟ್ಟಿನಲ್ಲೂ ಇಲ್ಲ.

ಮನೆಗೆ ತಂದ ಮೇಲೆ

ಬೆಂಗಳೂರಿಂದ ತರುವುದಾದರೆ ಲಾರಿ ಪಾರ್ಸೆಲ್ಲು ಅಥವಾ ರೈಲಿನ ಪಾರ್ಸೆಲ್ ಎರಡೂ ನಡೆಯುತ್ತದೆ. ಪೆಡಲ್ ಬಿಚ್ಚಿ, ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಅನ್ನುವುದು ನೆನಪಿರಲಿ. ಹ್ಯಾಂಡಲ್ ತಿರುಗಿಸಿ ಫ್ರೇಮಿಗೆ ಕಟ್ಟಿ. ಮುಂದಿನ ಚಕ್ರ ತೆಗೆದರೆ ಫೋರ್ಕಿನ ನಡುವೆ ಗಟ್ಟಿ ಕಟ್ಟಿಗೆ ತುಂಡು ಇಟ್ಟು ಕಟ್ಟಿ, ಇಲ್ಲದಿದ್ದರೆ ಮೂಟೆಗಳ ಕೆಳಗೆ ಬಗ್ಗುತ್ತದೆ.

ಬಂದ ದಿನವೇ ಓಡಿಸಲು ಹೋಗಬೇಡಿ. ಕಾಗ್ ಬಿಚ್ಚಿ ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿಸಿ. ಮುಂದಿನ ಚೈನ್ ವೀಲು, ಹಿಂದಿನ ಕಾಗ್ ಒಂದೇ ಗೆರೆಯಲ್ಲಿದೆಯಾ ಅಂತ ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಚೈನ್ ನಡುವೆ ಬೆರಳಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಆಡಬೇಕು, ಅದಕ್ಕಿಂತ ಸಡಿಲ ಇದ್ದರೆ ಬೀಳುತ್ತದೆ, ಬಿಗಿ ಇದ್ದರೆ ಹಬ್ಬಿನ ಬೇರಿಂಗ್ ತಿನ್ನುತ್ತದೆ. ಚೈನ್ ಒರೆಸುವಾಗ ಚಕ್ರ ತಿರುಗಿಸಿಬಿಟ್ಟು ಬಟ್ಟೆ ಹಿಡಿಯಬೇಡಿ. ಫಿಕ್ಸಿಯ ಚೈನ್ ಬೆರಳು ಸಿಕ್ಕರೂ ನಿಲ್ಲುವುದಿಲ್ಲ, ಬೆರಳು ಹೋದವರಿದ್ದಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೈಕಲ್ಲನ್ನು ಉಲ್ಟಾ ನಿಲ್ಲಿಸಿ ಬಿಟ್ಟು ಹೋಗಬೇಡಿ. ಪ್ಯಾಂಟಿನ ಬಲಗಾಲು ಮಡಚಿ, ಶೂ ಲೇಸ್ ಒಳಗೆ ತುರುಕಿ.

ಆಮೇಲೆ ಯಾವುದಾದರೂ ಸಣ್ಣ ಏರಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ತುಳಿಯಿರಿ. ಬಾತಿ ಕಡೆ ಹೋದರೆ ಅಂಥ ಜಾಗ ಸಿಗುತ್ತದೆ. ಕಾಗ್ ಇನ್ನೂ ಸ್ವಲ್ಪ ಒಳಗೆ ಕೂರುತ್ತದೆ, ಆಗ ಲಾಕ್‌ರಿಂಗ್ ಸಡಿಲವಾಗಿರುತ್ತದೆ. ಅದನ್ನು ಇನ್ನೊಂದು ಸಲ ಬಿಗಿ ಮಾಡಿ. ಮೊದಲ ವಾರ ಮುಗಿದ ಮೇಲೆ ಮತ್ತೊಮ್ಮೆ ನೋಡಿ. 15 ನಂಬರ್ ಸ್ಪ್ಯಾನರ್ ಸೀಟಿನ ಕೆಳಗೆ ಯಾವಾಗಲೂ ಕಟ್ಟಿಕೊಂಡಿರಿ, ಫಿಕ್ಸಿಯ ಚಕ್ರದ ನಟ್ಟಿಗೆ ಬೇಕಾಗುವುದು ಅದೇ.